ಹಳದಿ ಊರಿನಲ್ಲಿ ಒಂದು ದಿನ

ಮೆಕ್ಸಿಕೋ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಅಗಲ ಅಂಚಿನ ಟೋಪಿ, ಪಾಪಾಸುಕಳ್ಳಿ, ಧೂಳೆಬ್ಬಿಸುವ ಕುದುರೆ ಸವಾರರು. ಸಿನಿಮಾಗಳು ನಮಗೆ ತೋರಿಸಿದ್ದು ಅಷ್ಟನ್ನೇ. ಆದರೆ ನಿಮ್ಮ ಅಡುಗೆಮನೆಯನ್ನೊಮ್ಮೆ ಕಣ್ಣಾಡಿಸಿ. ಸಾರಿಗೆ ಹಾಕುವ ಒಣಮೆಣಸು, ಬುಟ್ಟಿಯಲ್ಲಿರುವ ಟೊಮೆಟೊ, ಮಕ್ಕಳು ಸುಟ್ಟು ತಿನ್ನುವ ಮೆಕ್ಕೆಜೋಳ, ಹಿತ್ತಲಿನ ಪಪ್ಪಾಯಿ, ಸಿಹಿಗುಂಬಳ. ಇವನ್ನೆಲ್ಲ ಕಾಡಿನಿಂದ ತಂದು ಹೊಲದ ಬೆಳೆಯಾಗಿ ಪಳಗಿಸಿದವರಲ್ಲಿ ಮೆಕ್ಸಿಕೋ ಮತ್ತು ಅದರ ನೆರೆನಾಡಿನ ಮೂಲ ಜನರೇ ಮೊದಲಿಗರು. ಆರುನೂರು ವರ್ಷಗಳ ಹಿಂದೆ ನಮ್ಮ ನಾಡಿನ ಯಾವ ಅಡುಗೆಮನೆಗೂ ಇವುಗಳ ಹೆಸರು ತಿಳಿದಿರಲಿಲ್ಲ.

ಆ ಬೆಳೆಗಳನ್ನು ಬೆಳೆದ ಜನರಲ್ಲಿ ಮಾಯಾ ಜನರೂ ಸೇರಿದ್ದಾರೆ. ಅವರ ಒಂದು ಪುಟ್ಟ ಊರಿನಲ್ಲಿ ಇಂದು ಬೆಳಗಿನಿಂದ ಸಂಜೆಯವರೆಗೆ ಸುತ್ತಾಡೋಣ ಬನ್ನಿ. ಊರಿನ ಹೆಸರು ಇಸಾಮಾಲ್. ಮೆಕ್ಸಿಕೋ ದೇಶದ ಆಗ್ನೇಯ ತುದಿಯಲ್ಲಿ, ಸಮುದ್ರದೊಳಕ್ಕೆ ಚಾಚಿಕೊಂಡ ಯುಕಾತಾನ್ ಎಂಬ ರಾಜ್ಯದಲ್ಲಿದೆ. ರಾಜಧಾನಿ ಮೆರಿದಾದಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರ.

ಅಮೆರಿಕದಲ್ಲಿ ನೆಲೆಸಿರುವ ನಮ್ಮವರಲ್ಲಿ ರಜೆಗೆಂದು ಕಾನ್‌ಕುನ್‌ನ ಕಡಲತೀರಕ್ಕೆ ಹೋಗಿ ಬರುವವರಿದ್ದಾರೆ. ಮರಳು, ನೀಲಿ ನೀರು, ಹೋಟೆಲು, ಮರಳಿ ವಿಮಾನ. ಅಂಥವರು ಒಂದು ದಿನವನ್ನು ಈ ಊರಿಗೆ ಮೀಸಲಿಟ್ಟರೆ ಕಡಲತೀರದಲ್ಲಿ ಸಿಗದ ಒಂದು ಕಥೆ ಅವರಿಗೆ ಸಿಗುತ್ತದೆ. ಹೋಗಲಾಗದ ನಮಗೆ ಈ ಪುಟಗಳಾದರೂ ಇವೆಯಲ್ಲ.

ಹೊರಡುವ ಮೊದಲು

ನಮ್ಮಲ್ಲಿ ರಾತ್ರಿ ಎಂಟೂವರೆಯಾಗಿ ಮಕ್ಕಳನ್ನು ಊಟಕ್ಕೆ ಕರೆಯುವ ಹೊತ್ತಿಗೆ ಮೆರಿದಾದಲ್ಲಿ ಅದೇ ದಿನದ ಬೆಳಗ್ಗೆ ಒಂಬತ್ತು ಗಂಟೆ. ನಾವು ಇನ್ನೂ ಬೇಗ ಹೊರಡೋಣ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿನ ಬಿಸಿಲು ನಮ್ಮ ರಾಯಚೂರಿನ ಬಿಸಿಲಿಗೆ ಸವಾಲು ಹಾಕುವಂಥದ್ದು. ನವೆಂಬರಿನಿಂದ ಫೆಬ್ರವರಿವರೆಗೆ ಹಿತವಾಗಿರುತ್ತದೆ. ತಲೆಗೆ ನೆರಳು, ಕೈಯಲ್ಲಿ ನೀರಿನ ಬಾಟಲಿ, ಕಾಲಿಗೆ ಜಾರದ ಚಪ್ಪಲಿ, ಈ ಮೂರು ಮರೆಯಬೇಡಿ.

ಮೆರಿದಾದಿಂದ ಸಾಮಾನ್ಯ ಬಸ್ಸಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. 2023ರ ಡಿಸೆಂಬರಿನಲ್ಲಿ ಆರಂಭವಾದ ‘ಮಾಯಾ ರೈಲು’ ಮಾರ್ಗದಲ್ಲಿಯೂ ಇಸಾಮಾಲ್‌ಗೆ ಒಂದು ನಿಲ್ದಾಣವಿದೆ. ಆದರೆ ಅದು ಊರ ನಡುವೆ ಇಲ್ಲ, ಹೊರಗಿದೆ. ಊರಿನ ಒಳಕ್ಕೇ ಕರೆದೊಯ್ಯುವ ಬಸ್ಸೇ ನಮಗೆ ಸರಿ.

ಕಿಟಕಿಯಿಂದ ಹೊರಗೆ ನೋಡಿ. ಬೆಟ್ಟವಿಲ್ಲ, ಹೊಳೆಯಿಲ್ಲ. ಇಡೀ ಯುಕಾತಾನ್ ಒಂದು ದೊಡ್ಡ ಸುಣ್ಣಕಲ್ಲಿನ ಹಾಸು. ಮಳೆನೀರು ಮೇಲೆ ಹರಿಯದೆ ಕಲ್ಲಿನೊಳಗೆ ಇಳಿದುಬಿಡುತ್ತದೆ. ಅಲ್ಲಲ್ಲಿ ಕಲ್ಲಿನ ಮಾಡು ಕುಸಿದು ಆಳದ ನೀರು ಕಾಣುವ ಬಾವಿಯಂಥ ಹೊಂಡಗಳೇ ಸಾವಿರಾರು ವರ್ಷ ಈ ಜನರಿಗೆ ನೀರುಣಿಸಿದವು. ದಾರಿಯುದ್ದಕ್ಕೂ ಕಾಣುವ ನೀಲಿಹಸಿರು ಕತ್ತಾಳೆ ಗಿಡಗಳನ್ನೂ ಗಮನಿಸಿ. ಒಂದು ಕಾಲದಲ್ಲಿ ಇದನ್ನು ಇಲ್ಲಿ ‘ಹಸಿರು ಚಿನ್ನ’ ಎನ್ನುತ್ತಿದ್ದರು. ಇದರ ನಾರಿನ ಹುರಿ ಹಡಗು ಹಡಗಾಗಿ ಅಮೆರಿಕದ ಗೋಧಿ ಹೊಲಗಳಿಗೆ ಹೋಗುತ್ತಿತ್ತು. ಚಿನ್ನ ಮಾತ್ರ ತೋಟದ ಧಣಿಗಳಿಗೆ ದಕ್ಕಿತು. ಎಲೆ ಕಡಿದ ಮಾಯಾ ಕೂಲಿಗಳಿಗೆ ಉಳಿದದ್ದು ತಲೆಮಾರುಗಳವರೆಗೆ ತೀರದ ಸಾಲ. ಮುಂದೆ ಪ್ಲಾಸ್ಟಿಕ್ ಹಗ್ಗ ಬಂದು ಆ ಕಾಲವನ್ನೂ ಮುಗಿಸಿತು.

ಎಲ್ಲಿ ನೋಡಿದರೂ ಅರಿಶಿನ

ಬಸ್ಸಿನಿಂದ ಇಳಿದ ಕೂಡಲೇ ಕಣ್ಣಿಗೆ ಹೊಡೆಯುವುದು ಬಣ್ಣ. ಮನೆ, ಅಂಗಡಿ, ಸರಕಾರಿ ಕಚೇರಿ, ಪ್ರಾರ್ಥನಾಲಯ, ಎಲ್ಲದಕ್ಕೂ ಒಂದೇ ಬಣ್ಣ. ಅರಿಶಿನ ಅರೆದು ಬಳಿದ ಹಾಗೆ ಗಾಢ ಹಳದಿ. ಬಾಗಿಲು ಕಿಟಕಿಗಳ ಸುತ್ತ ಬಿಳಿ ಪಟ್ಟಿ. ‘ಹಳದಿ ನಗರ’ ಎಂದೇ ಇದಕ್ಕೆ ಅಡ್ಡಹೆಸರು. 1993ರ ಆಗಸ್ಟಿನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಇಲ್ಲಿಗೆ ಬಂದು ಅಮೆರಿಕ ಖಂಡದ ಮೂಲನಿವಾಸಿಗಳನ್ನು ಭೇಟಿಯಾದಾಗ ಊರಿಗೆ ಊರೇ ಹಳದಿ ಬಳಿದುಕೊಂಡಿತು ಎಂಬುದು ಹೆಚ್ಚಾಗಿ ಕೇಳಿಬರುವ ಮಾತು. 2002ರಲ್ಲಿ ಮೆಕ್ಸಿಕೋ ಸರಕಾರ ಇದನ್ನು ‘ಮಾಯಕದ ಊರುಗಳು’ ಎಂಬ ತನ್ನ ಪ್ರವಾಸಿ ಪಟ್ಟಿಗೆ ಸೇರಿಸಿತು.

ಚೌಕದಲ್ಲಿ ಹೂವಿನ ಟೋಪಿ ತೊಟ್ಟ ಕುದುರೆಗಳು ಗಾಡಿ ಕಟ್ಟಿಕೊಂಡು ನಿಂತಿರುತ್ತವೆ. ಮಕ್ಕಳು ಹಟ ಹಿಡಿಯಬಹುದು. ಊರು ಚಿಕ್ಕದು, ನಡೆದೇ ನೋಡಿ ಮುಗಿಸಬಹುದು. ಸುಡುಬಿಸಿಲಿನಲ್ಲಿ ಮೂಕಪ್ರಾಣಿಗೆ ಆ ಭಾರ ತಪ್ಪಿದರೆ ಒಳ್ಳೆಯದೇ.

ಬಿಸಿಲೇರುವ ಮೊದಲು ಚೌಕದ ಉತ್ತರಕ್ಕೆ ಹೋಗೋಣ. ಮನೆಗಳ ಸಾಲಿನ ನಡುವೆ ಗುಡ್ಡದಂಥದ್ದೊಂದು ಎದ್ದು ನಿಂತಿದೆ. ಇದೇನು, ಇಲ್ಲಿ ಬೆಟ್ಟವೇ ಇಲ್ಲ ಎಂದೆವಲ್ಲ? ನಿಜ, ಇದು ಮನುಷ್ಯರ ಕೈ ಕಟ್ಟಿದ ಬೆಟ್ಟ. ಕಿನಿಚ್ ಕಾಕ್ಮೊ ಎಂಬ ಪಿರಮಿಡ್. ಎತ್ತರ ಸುಮಾರು 34 ಮೀಟರ್, ತಳ ಸುಮಾರು 200 ಮೀಟರ್ ಉದ್ದ, 180 ಮೀಟರ್ ಅಗಲ. ಸಾವಿರ ವರ್ಷಕ್ಕೂ ಮಿಕ್ಕಿ ಹಳೆಯದು. ಕಟ್ಟಿದವರ ಬಳಿ ಕಬ್ಬಿಣದ ಉಪಕರಣ ಇರಲಿಲ್ಲ, ಭಾರ ಎಳೆಯಲು ಎತ್ತು ಕುದುರೆಗಳಿರಲಿಲ್ಲ. ಪ್ರತಿಯೊಂದು ಕಲ್ಲೂ ಮನುಷ್ಯರ ಬೆನ್ನಿನ ಮೇಲೆಯೇ ಬಂದಿದೆ.

ಮೆಟ್ಟಿಲುಗಳು ಕಡಿದಾಗಿವೆ. ಮಕ್ಕಳ ಕೈ ಹಿಡಿದು ನಿಧಾನವಾಗಿ ಹತ್ತಿ. ಮೇಲೆ ನಿಂತರೆ ನಾಲ್ಕೂ ದಿಕ್ಕಿಗೆ ಆಕಾಶ ನೆಲ ಮುಟ್ಟುವವರೆಗೆ ಹಸಿರು. ಈ ಪಟ್ಟಣದಿಂದ ಅಕೇ ಎಂಬ ಇನ್ನೊಂದು ಪಟ್ಟಣದವರೆಗೆ ಸುಮಾರು 30 ಕಿಲೋಮೀಟರ್ ಉದ್ದದ ರಸ್ತೆಯನ್ನು ಮಾಯಾ ಜನ ಕಟ್ಟಿದ್ದರು. ಕಲ್ಲು ತುಂಬಿ, ನೆಲಮಟ್ಟಕ್ಕಿಂತ ಎತ್ತರಿಸಿ, ಮೇಲೆ ಬಿಳಿ ಗಾರೆ ಬಳಿದ ರಸ್ತೆ. ಅದನ್ನು ‘ಸಾಕ್‌ಬೆ’ ಎನ್ನುತ್ತಾರೆ. ‘ಸಾಕ್’ ಎಂದರೆ ಬಿಳಿ, ‘ಬೆ’ ಎಂದರೆ ದಾರಿ. ಈ ‘ಬೆ’ ಎಂಬ ಪುಟ್ಟ ಪದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದಕ್ಷಿಣಕ್ಕೆ ತಿರುಗಿ ನೋಡಿದರೆ ಊರ ನಡುವೆ ಇನ್ನೊಂದು ದಿಬ್ಬ. ಅದರ ಮೇಲೆ ಭಾರೀ ಹಳದಿ ಕಟ್ಟಡ, ಸುತ್ತ ಕಮಾನುಗಳ ಸಾಲು. ನಾವು ಮುಂದೆ ಹೋಗುವುದು ಅಲ್ಲಿಗೇ.

ದಿಬ್ಬದ ಮೇಲಿನ ಮಠ

ಇದು ಸಂತ ಅಂತೋನಿಯ ಹೆಸರಿನ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠ. ಸ್ಪೇನಿನವರು ಯುಕಾತಾನನ್ನು ಗೆದ್ದ ಮೇಲೆ 16ನೇ ಶತಮಾನದ ನಡುವಿನಲ್ಲಿ ಕಟ್ಟಿ, 1561ರ ಹೊತ್ತಿಗೆ ಮುಗಿಸಿದರು. ಇಳಿಜಾರಿನ ದಾರಿ ಏರಿ ಒಳಗೆ ಹೋದರೆ ಹುಲ್ಲಿನ ವಿಶಾಲ ಅಂಗಳ. ಸುತ್ತಲೂ 75 ಕಮಾನುಗಳ ಪಡಸಾಲೆ. ನೆರಳಿನಲ್ಲಿ ಕುಳಿತರೆ ಗಾಳಿ ತಣ್ಣಗೆ ಬೀಸುತ್ತದೆ. ಯುಕಾತಾನಿನ ಕ್ಯಾಥೊಲಿಕರಿಗೆ ಇದು ದೊಡ್ಡ ಯಾತ್ರಾಸ್ಥಳ. ಪ್ರಾರ್ಥನೆಯ ಹೊತ್ತಿನಲ್ಲಿ ಒಳಗೆ ಹೋದರೆ ಮೆಲುದನಿಯಲ್ಲಿ ಮಾತಾಡಿ, ಕ್ಯಾಮೆರಾ ಚೀಲದಲ್ಲಿಡಿ. ನಮ್ಮ ಮಸೀದಿಗೆ ಬಂದವರಿಂದ ನಾವು ಬಯಸುವ ಮರ್ಯಾದೆಯೇ ಅದು.

ಈಗ ಗೋಡೆಗಳನ್ನು ಹತ್ತಿರದಿಂದ ನೋಡಿ. ಕೆಲವೆಡೆ ಕಲ್ಲಿನ ಮೇಲೆ ಸುರುಳಿ ಸುರುಳಿಯಾದ ಮೂಲೆಗೆರೆಯ ಕೆತ್ತನೆ ಕಾಣುತ್ತದೆ. ಅದು ಸ್ಪೇನಿನ ಕೆತ್ತನೆಯಲ್ಲ, ಮಾಯಾ ಕೆತ್ತನೆ. ಈ ದಿಬ್ಬ ಸ್ವತಃ ಒಂದು ಮಾಯಾ ಪಿರಮಿಡ್ಡಿನ ಬುಡ. ಮೇಲ್ಭಾಗವನ್ನು ಕೆಡವಿ, ಅದೇ ಕಲ್ಲುಗಳಿಂದ, ಅದೇ ಜನರ ಕೈಯಿಂದ ಈ ಮಠ ಕಟ್ಟಿಸಲಾಯಿತು. ಅಂದವಾದ ಹಳದಿ ಬಣ್ಣದ ಹಿಂದೆ ಇನ್ನೊಂದು ಊರು ಅಡಗಿ ಕುಳಿತಿದೆ.

ಬೂದಿಯಾದ ಪುಸ್ತಕಗಳು

ಮಾಯಾ ಜನರ ಐತಿಹ್ಯದಲ್ಲಿ ಇಸಾಮಾಲ್‌ಗೆ ವಿಶೇಷ ಸ್ಥಾನವಿದೆ. ಈ ಊರಿಗೆ ಹೆಸರು ಬಂದದ್ದು ಇತ್ಸಮ್ನಾ ಎಂಬವನಿಂದ ಎನ್ನುತ್ತಾರೆ. ಮನುಷ್ಯರಿಗೆ ಅಕ್ಷರ ಕೊಟ್ಟವನು, ಬರಹ ಕಲಿಸಿದವನು ಅವನೇ ಎಂಬುದು ಅವರ ನಂಬಿಕೆಯಾಗಿತ್ತು. ಅಂದರೆ ಇದು ಅಕ್ಷರದ ಊರು. ಮಾಯಾ ಜನ ಅತ್ತಿಯ ಜಾತಿಯ ಮರದ ತೊಗಟೆಯನ್ನು ಬಡಿದು ಹಾಳೆ ಮಾಡಿ, ಸುಣ್ಣದ ತೆಳು ಲೇಪ ಕೊಟ್ಟು, ಮಡಚುವ ಪುಸ್ತಕಗಳನ್ನು ಬರೆಯುತ್ತಿದ್ದರು. ಗ್ರಹಣಗಳ ಲೆಕ್ಕ, ಶುಕ್ರಗ್ರಹದ ಚಲನೆ, ದೇವರುಗಳ ವಿವರ ಅವುಗಳಲ್ಲಿದ್ದವು.

ಇಸಾಮಾಲ್‌ನ ಮಠವನ್ನು ಕಟ್ಟಿಸುವುದರಲ್ಲಿ ಮುಂದಾಳಾಗಿದ್ದವರು ದಿಯೆಗೊ ದೆ ಲಾಂದಾ ಎಂಬ ಪಾದ್ರಿ. ಮಾಯಾ ಭಾಷೆಯನ್ನು ಚೆನ್ನಾಗಿ ಕಲಿತವರು, ಹಳ್ಳಿ ಹಳ್ಳಿ ಕಾಲ್ನಡಿಗೆಯಲ್ಲಿ ತಿರುಗಿದವರು. ಮತಾಂತರಗೊಂಡ ಮಾಯಾ ಜನರು ಗುಟ್ಟಾಗಿ ಹಳೆಯ ಪೂಜೆ ಮಾಡುತ್ತಿದ್ದಾರೆಂದು ತಿಳಿದಾಗ ಅವರು ವಿಚಾರಣೆ ನಡೆಸಿದರು. ಚಿತ್ರಹಿಂಸೆಯಲ್ಲಿ ಅನೇಕರು ಪ್ರಾಣ ಬಿಟ್ಟರು. 1562ರ ಜುಲೈ 12ರಂದು ಮಾನಿ ಎಂಬ ಊರಿನಲ್ಲಿ ವಿಗ್ರಹಗಳ ಜೊತೆಗೆ ಸಿಕ್ಕಿದ ಮಾಯಾ ಪುಸ್ತಕಗಳನ್ನೆಲ್ಲ ಬೆಂಕಿಗೆ ಹಾಕಿಸಿದರು. ಜನ ಅದನ್ನು ಕಂಡು ತುಂಬ ಸಂಕಟಪಟ್ಟರೆಂದು ಲಾಂದಾ ಸ್ವತಃ ಬರೆದಿಟ್ಟಿದ್ದಾರೆ. ಇಂದು ಇಡೀ ಜಗತ್ತಿನಲ್ಲಿ ಉಳಿದಿರುವ ಮಾಯಾ ಪುಸ್ತಕಗಳು ಕೇವಲ ನಾಲ್ಕು. ಒಂದು ಜರ್ಮನಿಯ ಡ್ರೆಸ್‌ಡೆನ್‌ನಲ್ಲಿ, ಒಂದು ಮ್ಯಾಡ್ರಿಡ್‌ನಲ್ಲಿ, ಒಂದು ಪ್ಯಾರಿಸ್‌ನಲ್ಲಿ. ನಾಲ್ಕನೆಯದು ಮೆಕ್ಸಿಕೋದಲ್ಲಿದೆ. ಅದು ಅಸಲಿ ಎಂದು ಅಲ್ಲಿನ ತಜ್ಞರು ಖಚಿತಪಡಿಸಿದ್ದು 2018ರಲ್ಲಿ.

ಇತಿಹಾಸ ಓದಿದವರಿಗೆ ಈ ಬೆಂಕಿ ಹೊಸದಲ್ಲ. 1492ರಲ್ಲಿ ಗ್ರನಾಡಾದ ಮುಸ್ಲಿಮ್ ಆಳ್ವಿಕೆ ಕೊನೆಗೊಂಡಿತು. ಕೊಲಂಬಸ್ ಹಡಗು ಹತ್ತಿದ್ದೂ ಅದೇ ವರ್ಷ. 1500ರ ಆಸುಪಾಸಿನಲ್ಲಿ ಗ್ರನಾಡಾದ ಚೌಕದಲ್ಲಿ ಅರಬಿ ಗ್ರಂಥಗಳ ರಾಶಿಗೆ ಬೆಂಕಿ ಇಡಿಸಿದ ಸಿಸ್ನೆರೊಸ್ ಕೂಡ ಫ್ರಾನ್ಸಿಸ್ಕನ್ ಸಂಸ್ಥೆಯವರೇ. ಆರು ದಶಕಗಳ ಬಳಿಕ ಅದೇ ಬೆಂಕಿ ಸಾಗರ ದಾಟಿ ಮಾನಿಯಲ್ಲಿ ಉರಿಯಿತು. ಗ್ರನಾಡಾದ ನೋವನ್ನು ಬಲ್ಲ ನಮಗೆ ಮಾಯಾ ಜನರ ನೋವು ತಿಳಿಯಲು ಅನುವಾದ ಬೇಕಾಗದು.

ಸುಟ್ಟವನೇ ಉಳಿಸಿದ ಬೀಗದ ಕೈ

ಇನ್ನು ಮುಂದಿನದು ಇನ್ನೂ ವಿಚಿತ್ರ. ಲಾಂದಾರ ಕ್ರೌರ್ಯದ ದೂರು ಸ್ಪೇನಿನವರೆಗೂ ಹೋಯಿತು. ಅವರನ್ನು ವಾಪಸು ಕರೆಸಿಕೊಂಡರು. ಅಲ್ಲಿದ್ದಾಗ, 1566ರ ಸುಮಾರಿಗೆ, ಯುಕಾತಾನಿನ ಜನಜೀವನದ ಬಗ್ಗೆ ಅವರು ಒಂದು ಗ್ರಂಥ ಬರೆದರು. ಬಳಿಕ ದೋಷಮುಕ್ತರಾಗಿ, ಬಿಷಪ್ ಆಗಿ ಯುಕಾತಾನಿಗೇ ಮರಳಿ, 1579ರಲ್ಲಿ ಅಲ್ಲೇ ತೀರಿಕೊಂಡರು.

ಆ ಗ್ರಂಥದಲ್ಲಿ ಮಾಯಾ ‘ವರ್ಣಮಾಲೆ’ ಎಂದು ಲಾಂದಾ ಒಂದು ಪಟ್ಟಿ ಕೊಟ್ಟಿದ್ದಾರೆ. ಸ್ಪಾನಿಷ್ ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಾ, ಇದನ್ನು ನಿಮ್ಮಲ್ಲಿ ಹೇಗೆ ಬರೆಯುತ್ತೀರಿ ಎಂದು ಮಾಯಾ ವಿದ್ವಾಂಸರನ್ನು ಕೇಳಿ ಬರೆದುಕೊಂಡದ್ದು. ಸ್ಪಾನಿಷ್‌ನ ‘ಬ್’ ಅಕ್ಷರದ ಹೆಸರು ‘ಬೆ’. ಅದನ್ನು ಕೇಳಿದ ಮಾಯಾ ಪಂಡಿತ, ದಾರಿಯ ಮೇಲೆ ಮೂಡಿದ ಹೆಜ್ಜೆಗುರುತಿನ ಚಿತ್ರ ಬರೆದುಕೊಟ್ಟ. ಏಕೆಂದರೆ ಅವನ ಭಾಷೆಯಲ್ಲಿ ‘ಬೆ’ ಎಂದರೆ ದಾರಿ! ಅವನು ಕೊಟ್ಟದ್ದು ಬಿಡಿ ವ್ಯಂಜನವನ್ನಲ್ಲ, ಸ್ವರ ಕೂಡಿದ ಇಡೀ ಉಚ್ಚಾರವನ್ನು. ಕ, ಕಾ, ಕಿ, ಕೀ ಎಂದು ಕಾಗುಣಿತ ಕಲಿತ ನಮ್ಮ ಎರಡನೇ ತರಗತಿಯ ಮಗುವಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಲಾಂದಾರಿಗೆ ಅರ್ಥವಾಗಲಿಲ್ಲ. ಮೂರು ಶತಮಾನ ಕಪಾಟಿನಲ್ಲಿ ಮಲಗಿದ್ದ ಆ ಬರಹ 1862ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಿಕ್ಕಿದ ಮೇಲೂ ಬಹುಕಾಲ ವಿದ್ವಾಂಸರು ಅದನ್ನು ಕೆಲಸಕ್ಕೆ ಬಾರದ ಪಟ್ಟಿ ಎಂದೇ ತಿಳಿದಿದ್ದರು.

1952ರಲ್ಲಿ ಯೂರಿ ಕ್ನೊರೊಜೊವ್ ಎಂಬ ರಷ್ಯನ್ ವಿದ್ವಾಂಸ ಈ ಗುಟ್ಟು ಬಿಡಿಸಿದರು. ಮಾಯಾ ಲಿಪಿಯಲ್ಲಿ ಇಡೀ ಪದಕ್ಕೆ ನಿಲ್ಲುವ ಚಿಹ್ನೆಗಳ ಜೊತೆಗೆ ಉಚ್ಚಾರದ ಚಿಹ್ನೆಗಳೂ ಇವೆ ಎಂದು ತೋರಿಸಿದರು. ‘ಬ-ಲ-ಮ’ ಎಂಬ ಮೂರು ಚಿಹ್ನೆ ಕೂಡಿಸಿ, ಕೊನೆಯ ಸ್ವರ ಬಿಟ್ಟು ಓದಿದರೆ ‘ಬಲಮ್’. ಅದು ಅಲ್ಲಿನ ಕಾಡಿನ ಜಾಗ್ವಾರ್ ಚಿರತೆಯ ಹೆಸರು.

ಈ ಕಥೆಯಲ್ಲಿ ಒಬ್ಬ ಮಹಿಳೆಯ ಪಾಲೂ ದೊಡ್ಡದು. ರಷ್ಯದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ತಾತಿಯಾನಾ ಪ್ರೊಸ್ಕೂರಿಯಾಕಾಫ್ ಕಲಿತದ್ದು ವಾಸ್ತುಶಿಲ್ಪ. ಅಗೆತದ ಸ್ಥಳಗಳಲ್ಲಿ ಚಿತ್ರ ಬಿಡಿಸುವ ಕೆಲಸದಿಂದ ಅವರು ಆರಂಭಿಸಿದರು. ಮಾಯಾ ಶಿಲಾಶಾಸನಗಳೆಂದರೆ ಬರೀ ಪಂಚಾಂಗ, ದೇವರುಗಳ ಲೆಕ್ಕ ಎಂದು ದೊಡ್ಡವರೆಲ್ಲ ಹೇಳುತ್ತಿದ್ದ ಕಾಲ ಅದು. ಅವರು ತಾಳ್ಮೆಯಿಂದ ತಾರೀಖುಗಳನ್ನು ಹೊಂದಿಸಿ ನೋಡಿದರು. ಅವು ಅರಸರ ಜನನ, ಪಟ್ಟಾಭಿಷೇಕ, ಯುದ್ಧಗಳ ದಾಖಲೆ ಎಂದು 1960ರಲ್ಲಿ ತೋರಿಸಿಕೊಟ್ಟರು. ನಿಲುವಂಗಿ ತೊಟ್ಟ ಶಿಲ್ಪಗಳನ್ನು ಪುರೋಹಿತರೆಂದು ಭಾವಿಸಲಾಗಿತ್ತು. ಅಲ್ಲ, ಅವರು ಹೆಂಗಸರು, ರಾಣಿಯರು, ತಾಯಂದಿರು ಎಂದು ಗುರುತಿಸಿದವರೂ ಅವರೇ. ಸಾವಿರ ವರ್ಷ ಕಲ್ಲಿನಲ್ಲಿ ನಿಂತಿದ್ದ ಹೆಂಗಸರನ್ನು ಹೆಂಗಸರೆಂದು ನೋಡಲು ಒಬ್ಬ ಹೆಣ್ಣಿನ ಕಣ್ಣೇ ಬೇಕಾಯಿತು.

ಊಟದ ಹೊತ್ತು

ಗಂಟೆ ಒಂದಾಯಿತು. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಯುಕಾತಾನಿನ ಅಡುಗೆಯಲ್ಲಿ ಹಂದಿಮಾಂಸ ಬಹಳ. ಬೇಯಿಸಿದ ಅವರೆ ಬಗೆಯ ಕಾಳಿಗೂ ಹಂದಿಯ ಕೊಬ್ಬು ಹಾಕುವುದುಂಟು. ‘ಸಿನ್ ಸೆರ್ದೊ, ಸಿನ್ ಮಾಂತೇಕಾ’ ಎಂದು ಹೇಳಲು ಕಲಿಯಿರಿ. ಹಂದಿ ಬೇಡ, ಕೊಬ್ಬು ಬೇಡ ಎಂದರ್ಥ. ಎಲ್ಲಕ್ಕಿಂತ ನಿಶ್ಚಿಂತೆಯದು ‘ಪಾಪಾದ್ಸೂಲ್’. ಮೆಕ್ಕೆಜೋಳದ ರೊಟ್ಟಿಯನ್ನು ಹುರಿದು ಅರೆದ ಕುಂಬಳದ ಬೀಜದ ಹಸಿರು ಗೊಜ್ಜಿನಲ್ಲಿ ಅದ್ದಿ, ಒಳಗೆ ಬೇಯಿಸಿದ ಮೊಟ್ಟೆ ಇಟ್ಟು ಸುತ್ತಿ, ಮೇಲೆ ಟೊಮೆಟೊ ಸಾರು ಸುರಿದು ಕೊಡುತ್ತಾರೆ. ಇದರ ಹೆಸರು ಮಾಯಾ, ರುಚಿಯೂ ಮಾಯಾ.

ಕುಡಿಯಲು ಹುಣಿಸೆಯ ಪಾನಕ ಕೇಳಿ. ಅಲ್ಲಿ ಅದು ‘ತಮರಿಂದೊ’. ಅರಬರು ಹುಣಿಸೆಯನ್ನು ‘ತಮ್ರ್ ಹಿಂದಿ’, ಅಂದರೆ ಹಿಂದುಸ್ತಾನದ ಖರ್ಜೂರ ಎಂದು ಕರೆದರು. ಆ ಹೆಸರು ಸ್ಪೇನಿಗೆ ಹೋಗಿ, ಅಲ್ಲಿಂದ ಮೆಕ್ಸಿಕೋ ಸೇರಿತು. ನಮಗೆ ಅವರ ಮೆಣಸು ಬಂತು, ಅವರಿಗೆ ಹುಣಿಸೆ ಹೋಯಿತು! ಸಕ್ಕರೆಗೆ ‘ಅಸೂಕಾರ್’, ಅಕ್ಕಿಗೆ ‘ಅರ್ರೋಸ್’, ಹತ್ತಿಗೆ ‘ಅಲ್ಗೊದೋನ್’ ಎನ್ನುವುದನ್ನು ಕೇಳಿದಾಗ ಅರಬಿ ಬಲ್ಲವರು ಕಿವಿ ನಿಮಿರಿಸದೆ ಇರಲಾರರು. ಎಂಟು ಶತಮಾನಗಳ ಅಂದಲೂಸಿಯಾದ ನೆನಪು ಅದು. ಹಾಗಾದರೆ ಸಾಕು ಎಂದು ಹಾರೈಸುವಾಗ ಅವರು ಹೇಳುವ ‘ಓಖಲಾ’ ಎಂಬ ಮಾತಿನೊಳಗೂ ಅಲ್ಲಾಹನ ಹೆಸರೇ ಅಡಗಿದೆ ಎನ್ನುತ್ತಾರೆ ಭಾಷಾತಜ್ಞರು. ಪುಸ್ತಕಗಳು ಸುಟ್ಟವು, ಪದಗಳು ಸುಡಲಿಲ್ಲ.

ಅಡುಗೆಮನೆಯೊಳಗೆ ಇಣುಕಲು ಬಿಟ್ಟರೆ ರೊಟ್ಟಿಯ ಹಿಟ್ಟನ್ನು ಗಮನಿಸಿ. ಒಣ ಜೋಳವನ್ನು ನೇರ ಬೀಸುವುದಿಲ್ಲ. ಸುಣ್ಣ ಬೆರೆಸಿದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತೊಳೆದು ಆಮೇಲೆ ರುಬ್ಬುತ್ತಾರೆ. ಮೂರು ಸಾವಿರ ವರ್ಷಗಳಷ್ಟು ಹಳೆಯ ಪದ್ಧತಿ ಇದು. ಹೀಗೆ ಮಾಡಿದರೆ ಮಾತ್ರ ಜೋಳದಲ್ಲಿರುವ ಒಂದು ಬಿ ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಯುರೋಪಿನವರು ಜೋಳವನ್ನು ಕೊಂಡೊಯ್ದರು, ಈ ವಿದ್ಯೆಯನ್ನು ಕೊಂಡೊಯ್ಯಲಿಲ್ಲ. ಜೋಳವನ್ನೇ ನಂಬಿದ ಅಲ್ಲಿನ ಬಡವರಲ್ಲಿ ಚರ್ಮ ಬಿರಿದು ಬುದ್ಧಿ ಕೆಡುವ ಪೆಲ್ಲಾಗ್ರ ಎಂಬ ರೋಗ ಹರಡಿತು. ಯಾವ ಪುಸ್ತಕದಲ್ಲೂ ಬರೆಯದೆ, ತಾಯಿ ಮಗಳಿಗೆ ಕೈಯಲ್ಲಿ ಹಿಡಿದು ಕಲಿಸಿದ ವಿಜ್ಞಾನ ಇದು. ಇದನ್ನು ಸುಡಲು ಯಾರಿಗೂ ಆಗಲಿಲ್ಲ.

ಊಟದ ಬಳಿಕ ನಮಾಝ್ ಮಾಡುವವರಿಗೆ ಒಂದು ಮಾತು. ಊರಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುವ ನಾವು ಇಲ್ಲಿ ಈಶಾನ್ಯಕ್ಕೆ ತಿರುಗಬೇಕು.

ಎಳೆ ಎಣಿಸುವ ಕೈಗಳು

ಮಧ್ಯಾಹ್ನದ ಬಿಸಿಲು ಇಳಿಯುವವರೆಗೆ ಕುಶಲಕರ್ಮಿಗಳ ಮನೆಗಳನ್ನು ನೋಡೋಣ. ಕತ್ತಾಳೆ ನಾರಿನ ಚೀಲ, ಜಾಳಿಗೆಯ ತೂಗುಮಂಚ, ತಾಳೆ ಜಾತಿಯ ಬೀಜ ಕೊರೆದು ಮಾಡಿದ ಸರ, ಒಂದೊಂದು ಮನೆಯಲ್ಲಿ ಒಂದೊಂದು ಕಸುಬು. ಆದರೆ ಮನಸ್ಸು ನಿಲ್ಲುವುದು ಇಪಿಲ್ ಎಂಬ ಉಡುಪಿನ ಬಳಿ. ಮಾಯಾ ಹೆಂಗಸರು ತೊಡುವ ಸಡಿಲವಾದ ಬಿಳಿ ಹತ್ತಿ ಅಂಗಿ ಇದು. ಕತ್ತಿನ ಸುತ್ತ, ಕೆಳ ಅಂಚಿನಲ್ಲಿ ಕಣ್ಣು ತುಂಬುವ ಹೂಬಳ್ಳಿಯ ಕಸೂತಿ. ಸಂತೆಗೆ ಬರುವ ಅಜ್ಜಿಯರು ಇಂದಿಗೂ ಇದನ್ನೇ ತೊಡುತ್ತಾರೆ.

ಈ ಕಸೂತಿಗಳಲ್ಲಿ ಬಹಳ ಹಳೆಯದೊಂದರ ಹೆಸರು ‘ಶೋಕ್‌ಬಿಲ್ ಚೂಯ್’. ‘ಚೂಯ್’ ಎಂದರೆ ಹೊಲಿಗೆ, ‘ಶೋಕ್’ ಎಂದರೆ ಎಣಿಸುವುದು. ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆಗಳನ್ನು ಒಂದೊಂದಾಗಿ ಎಣಿಸಿ ಅಡ್ಡಹೊಲಿಗೆ ಹಾಕುವ ಕಲೆ. ಧಾರವಾಡದ ಕಸೂತಿ ಬಲ್ಲ ಸಹೋದರಿಯರಿಗೆ ಇದು ಪರಕೀಯವಲ್ಲ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ, ನಾಲ್ಕೂ ಎಳೆ ಎಣಿಸಿಯೇ ಹಾಕುವಂಥವು. ಆದರೆ ‘ಶೋಕ್’ ಎಂಬ ಮಾಯಾ ಪದಕ್ಕೆ ಇನ್ನೊಂದು ಅರ್ಥವೂ ಇದೆ, ಓದುವುದು. ಎಣಿಸುವುದಕ್ಕೂ ಓದುವುದಕ್ಕೂ ಅವರಲ್ಲಿ ಒಂದೇ ಪದ.

ಯೋಚಿಸಿ ನೋಡಿ. ಪುಸ್ತಕಗಳನ್ನು ಬೂದಿ ಮಾಡಿದರು. ಬರೆಯಬಲ್ಲ ಪಂಡಿತರ ಸಂತತಿ ಅಳಿಯಿತು. ಹಳೆಯ ಲಿಪಿಯನ್ನು ಓದಬಲ್ಲವರು ಒಬ್ಬರೂ ಉಳಿಯಲಿಲ್ಲ. ಆದರೂ ‘ಓದು’ ಎಂಬ ಆ ಪದ ಹೆಂಗಸರ ಸೂಜಿಯ ತುದಿಯಲ್ಲಿ ಉಳಿದುಕೊಂಡಿತು. ಒಲೆಯ ಮುಂದೆ, ತೂಗುಮಂಚದ ಪಕ್ಕದಲ್ಲಿ, ಮಗಳಿಗೆ ಎಳೆ ಎಣಿಸಲು ಕಲಿಸುವಾಗ ಅವರು ಭಾಷೆಯನ್ನೂ ಕಲಿಸಿದರು.

ಆ ಭಾಷೆಯ ಮೇಲೆ ಈಗ ಬೇರೆ ಬಗೆಯ ಒತ್ತಡವಿದೆ, ಅದಕ್ಕೆ ಬೆಂಕಿಯ ಸಹಾಯ ಬೇಕಿಲ್ಲ. 2020ರ ಜನಗಣತಿಯಲ್ಲಿ ಮೆಕ್ಸಿಕೋದಲ್ಲಿ ಈ ಮಾಯಾ ಭಾಷೆಯನ್ನಾಡುವವರು ಏಳೂವರೆ ಲಕ್ಷಕ್ಕೂ ಹೆಚ್ಚು. ಕೇಳಲು ದೊಡ್ಡ ಸಂಖ್ಯೆ. ಆದರೆ 2000ದಲ್ಲಿ ಯುಕಾತಾನ್ ರಾಜ್ಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಮಾಯಾ ಮಾತಾಡುತ್ತಿದ್ದರೆ, ಇಪ್ಪತ್ತೇ ವರ್ಷಗಳಲ್ಲಿ ಅದು ಸುಮಾರು ಕಾಲು ಭಾಗಕ್ಕೆ ಇಳಿದಿದೆ. ಶಾಲೆ, ಕೆಲಸ, ಟಿ.ವಿ., ಮೊಬೈಲ್ ಎಲ್ಲವೂ ಸ್ಪಾನಿಷ್. ಮೊಮ್ಮಕ್ಕಳಿಗೆ ಅಜ್ಜಿಯ ಮಾತು ಅರ್ಥವಾಗುತ್ತದೆ, ಉತ್ತರ ಕೊಡಲು ಬರುವುದಿಲ್ಲ. ಮನೆಯಲ್ಲಿ ಬ್ಯಾರಿ, ನವಾಯತಿ, ದಖ್ಖನಿ ಮಾತಾಡಿ ಶಾಲೆಯಲ್ಲಿ ಬೇರೆ ಭಾಷೆ ಕಲಿತ ನಮಗೆ ಇದು ಯಾರೋ ದೂರದವರ ಕಥೆ ಅನ್ನಿಸುವುದಿಲ್ಲ.

ಚೌಕದಲ್ಲಿ ಸಂಜೆ

ಬಿಸಿಲು ಇಳಿಯಿತು. ಹಳದಿ ಗೋಡೆಗಳು ಈಗ ಕಿತ್ತಳೆ ಬಣ್ಣಕ್ಕೆ ತಿರುಗಿವೆ. ಚೌಕಕ್ಕೆ ಊರಿನ ಸಂಸಾರಗಳು ಬರುತ್ತವೆ. ಮಕ್ಕಳು ಓಡುತ್ತಾರೆ, ಅಜ್ಜಿಯರು ಬೆಂಚಿನಲ್ಲಿ ಕುಳಿತು ಹರಟುತ್ತಾರೆ. ಯುಕಾತಾನಿನ ಬೀದಿ ಗಾಡಿಗಳಲ್ಲಿ ‘ಕಿಬಿ’ ಎಂಬ ಕರಿದ ಉಂಡೆ ಮಾರುವುದನ್ನೂ ಕಾಣುವಿರಿ. ಗೋಧಿನುಚ್ಚು ಮತ್ತು ಮಾಂಸದ ಈ ತಿಂಡಿ ಕೊಲ್ಲಿ ದೇಶದಲ್ಲಿ ಇದ್ದು ಬಂದವರಿಗೆ ‘ಕಿಬ್ಬೆ’ ಎಂದು ಪರಿಚಿತ. ನೂರು ವರ್ಷಗಳಿಗೂ ಹಿಂದೆ ಲೆಬನಾನಿನಿಂದ ವಲಸೆ ಬಂದ ಕುಟುಂಬಗಳು ತಂದ ರುಚಿ ಇದು. ಆ ಕು​ಟುಂಬಗಳಲ್ಲಿ ಹೆಚ್ಚಿನವರು ಕ್ರೈಸ್ತರು. ಮಾಂಸ ಯಾವುದೆಂದು ಕೇಳಿ ಮುಂದುವರಿಯಿರಿ.

ಊರಿನಲ್ಲಿ ಲಾಂದಾರ ಪ್ರತಿಮೆಯೂ ಇದೆ. ಅದನ್ನು ಕಿತ್ತೆಸೆದಿಲ್ಲ. ಮಠ ಕಟ್ಟಿಸಿದವರು, ಪುಸ್ತಕ ಸುಡಿಸಿದವರು, ಲಿಪಿಯ ಬೀಗದ ಕೈ ಬಿಟ್ಟುಹೋದವರು, ಮೂವರೂ ಒಬ್ಬರೇ. ಪ್ರವಾಸಿಗರು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಮಕ್ಕಳಿಗೆ ಕಥೆ ಹೇಳುವಾಗ ಮೂರನ್ನೂ ಹೇಳಿ, ಒಂದನ್ನೂ ಬಿಡಬೇಡಿ.

ಬೆಂಚಿನಲ್ಲಿ ಕುಳಿತ ಅಜ್ಜಿಯೊಬ್ಬರನ್ನು ಕಂಡರೆ ‘ಬಿಶ್ ಅ ಬೇಲ್?’ ಎಂದು ಕೇಳಿ ನೋಡಿ. ಚೆನ್ನಾಗಿದ್ದೀರಾ ಎಂದು ವಿಚಾರಿಸುವ ಮಾಯಾ ಮಾತು. ಪದಶಃ ಅರ್ಥ, ‘ನಿನ್ನ ದಾರಿ ಹೇಗಿದೆ?’ ಲಾಂದಾರಿಗೆ ಸಿಕ್ಕಿದ ಅದೇ ‘ಬೆ’! ಪರದೇಶದ ಹೆಂಗಸಿನ ಬಾಯಲ್ಲಿ ತಮ್ಮ ಮಾತು ಕೇಳಿದರೆ ಅವರ ಮುಖ ಅರಳುತ್ತದೆ. ಹೊರಡುವಾಗ ‘ದಿಯೊಸ್ ಬೋಟಿಕ್’ ಎನ್ನಿ. ದೇವರು ನಿಮಗೆ ಇದರ ಪ್ರತಿಫಲ ನೀಡಲಿ ಎಂದು ಕೃತಜ್ಞತೆ ಹೇಳುವ ಬಗೆ ಅದು. ‘ಜಝಾಕಲ್ಲಾಹ್’ ಎಂದು ಹೇಳಿ ಅಭ್ಯಾಸವಿರುವ ನಾಲಗೆಗೆ ಇದನ್ನು ಕಲಿಯಲು ಎಷ್ಟು ಹೊತ್ತು ಬೇಕು?

ನೆನಪಿಗೆ ಏನಾದರೂ ಕೊಳ್ಳುವುದಿದ್ದರೆ ಅಗ್ಗದ ಅಚ್ಚಿನ ಬಟ್ಟೆ ಬೇಡ. ಹೊಲಿದವರ ಕೈಯಿಂದಲೇ ಒಂದು ಚಿಕ್ಕ ಕರವಸ್ತ್ರವಾದರೂ ಸರಿ, ಕೊಳ್ಳಿ. ಮೆಷಿನ್ನಿನದೋ ಕೈಯದೋ ಎಂದು ಕೇಳಿ. ಕೈಕೆಲಸವಾದರೆ ಹೆಚ್ಚು ಚೌಕಾಸಿ ಮಾಡಬೇಡಿ, ವಾರಗಟ್ಟಲೆ ದುಡಿದ ಕಣ್ಣುಗಳವು. ಆ ಹೊಲಿಗೆಗೆ, ಆ ಹೂವಿಗೆ ಮಾಯಾ ಭಾಷೆಯಲ್ಲಿ ಏನೆನ್ನುತ್ತಾರೆಂದು ಕೇಳಿ. ಅವರು ಹೇಳಿದ್ದನ್ನು ಚೀಲದಲ್ಲಿರುವ ಪುಸ್ತಕ ತೆಗೆದು ಅಲ್ಲೇ ಕನ್ನಡ ಅಕ್ಷರಗಳಲ್ಲಿ ಬರೆದುಕೊಳ್ಳಿ. ನಮ್ಮ ಕಾಗುಣಿತಕ್ಕೆ ಆ ಪದಗಳು ಚೆನ್ನಾಗಿ ಹೊಂದುತ್ತವೆ.